ಕಾಳಿ ಖಾಲಿ ಎಂದು ಬರೆದ ವರ್ಷ

ನನ್ನ ಎಡಗೈ ಹೋಗಿ ಬಂದ ಜಾಗಗಳು ಗೊತ್ತಿದ್ದವರು ಅದನ್ನು ಮುಟ್ಟುವುದಿಲ್ಲ. ಪಶು ಆಸ್ಪತ್ರೆಯ ಕೆಲಸಕ್ಕೆ ಹೊಸದಾಗಿ ಸೇರುವವರು ಸಲಹೆ ಕೇಳಿದರೆ ನಾನು ಮೊದಲು ಹೇಳುವುದು, ಉಗುರು ಕತ್ತರಿಸಿ, ಉಂಗುರ ತೆಗೆದಿಡಿ. ಊಟಕ್ಕೆ ಕರೆದ ಮನೆಯಲ್ಲಿ ನೀವು ಯಾವ ಕೈಯಲ್ಲಿ ಉಣ್ಣುತ್ತೀರಿ ಎಂಬುದನ್ನು ಮನೆಯವರಿಗೆ ಮೊದಲೇ ತೋರಿಸಿಬಿಡಿ.

ನಾನು ಡಾಕ್ಟರಲ್ಲ. ಜನ ಡಾಕ್ಟ್ರೇ ಎಂದು ಕರೆದರು, ನಾನು ಓಗೊಟ್ಟೆ. ತಪ್ಪು ಇಬ್ಬರದೂ. ಬಂಟ್ವಾಳದ ಕಡೆಯ ಒಂದು ಪಶು ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ಔಷಧಿ ಪೆಟ್ಟಿಗೆ ಹೊತ್ತು, ದನದ ಮೂಗು ಹಿಡಿದು ನಿಂತವನು ನಾನು. ಇಲಾಖೆ ಒಂದು ದಿನ ನನ್ನನ್ನು ತರಬೇತಿಗೆ ಕಳಿಸಿ, ಕೃತಕ ಗರ್ಭಧಾರಣೆ ಕಲಿಸಿ, ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿಯ ಉಪಕೇಂದ್ರದಲ್ಲಿ ಒಬ್ಬನನ್ನೇ ಕೂರಿಸಿತು. ಬಡ್ತಿಯ ಕತೆ ಅಷ್ಟಕ್ಕೇ ಮುಗಿಯಿತು. ಆಗ ನನಗೆ ನಲ್ವತ್ತೈದು ದಾಟಿತ್ತು. ಹದಿನೆಂಟು ವರ್ಷ ನೋಡಿದ್ದೇನೆ, ಇನ್ನು ಕಲಿಯಲು ಏನಿದೆ ಎಂಬ ಜಂಬವೂ ಇತ್ತು. ಅದು ಒಂದು ವರ್ಷದಲ್ಲಿ ಹೇಗೆ ಇಳಿಯಿತು ಎಂಬುದನ್ನು ಬರೆಯುತ್ತೇನೆ.

ಮೊದಲ ಪೆಟ್ಟು ಬಸ್ಸಿನಲ್ಲಿಯೇ ಬಿತ್ತು. ಹೋರಿಯ ವೀರ್ಯ ತುಂಬಿದ ಕಡ್ಡಿಗಳನ್ನು ದ್ರವ ಸಾರಜನಕದ ಕ್ಯಾನಿನಲ್ಲಿ ಮುಳುಗಿಸಿ ಇಡಬೇಕು. ಇಲಾಖೆಯ ಜೀಪು ಕೆಟ್ಟಿದ್ದರಿಂದ ಆ ಕ್ಯಾನನ್ನು ನಾನೇ ಹೊತ್ತುಕೊಂಡು ಗುರುವಾಯನಕೆರೆಯಲ್ಲಿ ಮೂಡುಬಿದಿರೆಯ ಬಸ್ಸು ಹತ್ತಿದೆ. ಮುಚ್ಚಳದ ಸಂದಿಯಿಂದ ಬಿಳಿ ಹೊಗೆ ಏಳುತ್ತಿತ್ತು. ಪಕ್ಕದಲ್ಲಿ ಕೂತವರು ಎದ್ದು ಹಿಂದಿನ ಸೀಟಿಗೆ ಹೋದರು. ಕಂಡಕ್ಟರ್ ಬಂದ.

“ಅದರಲ್ಲಿ ಎಂತ ಉಂಟು?”

“ಹೋರಿ,” ಎಂದೆ. ತುಂಬಿದ ಬಸ್ಸಿನಲ್ಲಿ ವೀರ್ಯ ಎನ್ನಲು ನಾಚಿಕೆಯಾಗಿತ್ತು.

“ಎಷ್ಟು ಉಂಟು?”

“ನಲ್ವತ್ತು.”

ಅವನು ಮುಖ ಬದಲಿಸದೆ ಹೇಳಿದ. “ನಿಮಗೊಂದು, ಹೋರಿಗಳಿಗೆ ನಲ್ವತ್ತು. ನಲ್ವತ್ತೊಂದು ಟಿಕೆಟ್ ಕೊಡ್ತೇನೆ. ಅವು ಕೂತುಕೊಂಡು ಬರ್ತವಾ, ನಿಂತುಕೊಂಡು ಬರ್ತವಾ?”

ಇಡೀ ಬಸ್ಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ತೌಡಿನ ಚೀಲದ ಮೇಲೆ ಕಾಲಿಟ್ಟು ಕೂತಿದ್ದ ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ನಾನು ಇಳಿದ ಸ್ಟಾಪಿನಲ್ಲಿಯೇ ಅವರೂ ಇಳಿದರು. ಚೀಲವನ್ನು ತಲೆಗೇರಿಸಿಕೊಂಡು, “ಡಾಕ್ಟ್ರೇ, ನಿಮ್ಮ ನಲ್ವತ್ತರಲ್ಲಿ ಎರಡು ಹೋರಿ ನನಗೆ ಬೇಕಿತ್ತು,” ಎಂದರು. ಹಾಗೆ ಪರಿಚಯವಾದವರು ಕುಸುಮಕ್ಕ.

ಅವರದು ಒಂದೂವರೆ ಎಕರೆ ಗದ್ದೆ, ಎರಡು ದನ, ಲೆಕ್ಕಕ್ಕೆ ಸಿಗದಷ್ಟು ಕೋಳಿ. ಗಂಡ ದೂಮಣ್ಣ ಟಿಲ್ಲರ್ ಇಟ್ಟುಕೊಂಡು ಊರವರ ಗದ್ದೆ ಉಳುತ್ತಿದ್ದರು. ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ. ಅವರ ಪಾಲಿನ ಮಾತನ್ನೂ ಕುಸುಮಕ್ಕನೇ ತೆಗೆದುಕೊಂಡಿದ್ದರು. ನಾನು ಹೋದದ್ದು ಅಕ್ಟೋಬರಿನಲ್ಲಿ. ಮಳೆಗಾಲದ ಬೆಳೆಯಾದ ಏಣೆಲು ಕೊಯ್ಲು ಮುಗಿದು ಅಂಗಳದ ತುಂಬ ಬೈಹುಲ್ಲು ಒಣಗುತ್ತಿತ್ತು. ಹಟ್ಟಿಯಲ್ಲಿ ಎರಡೂ ದನ ಬೆದೆಗೆ ಬಂದು ಹೋರಿಗಾಗಿ ಕೂಗುತ್ತಿದ್ದವು. ಬಿಳಿಯದು ಬೊಳ್ಳಿ, ಕಪ್ಪಿನದು ಕಾಳಿ.

“ಹೆಣ್ಣು ಕರು ಆಗುವ ಕಡ್ಡಿಯನ್ನೇ ಹಾಕಿ,” ಎಂದರು ಕುಸುಮಕ್ಕ.

“ಅದು ದೇವರ ಕೈಯಲ್ಲಿ ಅಕ್ಕ.”

“ಹಾಗಾದ್ರೆ ನಿಮ್ಮ ಕೈ ಎಂತಕ್ಕೆ?”

ಈಗಿನವರಿಗೆ ಆ ಕಷ್ಟವಿಲ್ಲ. ಹೆಣ್ಣು ಕರುವಿಗೆಂದೇ ಬೇರ್ಪಡಿಸಿದ ಕಡ್ಡಿ ಬಂದಿದೆ, ಕಿವಿಗೆ ಹಳದಿ ಬಿಲ್ಲೆ ಬಂದಿದೆ, ಮೊಬೈಲಿನಲ್ಲಿ ದನದ ಜಾತಕ ಬಂದಿದೆ. ಆಗ ನಮ್ಮ ಹತ್ತಿರ ಇದ್ದದ್ದು ಒಂದು ರಿಜಿಸ್ಟರು ಮತ್ತು ಮೇಲಿನಿಂದ ಬರುವ ತಿಂಗಳ ಗುರಿ. ಇಷ್ಟು ದನಕ್ಕೆ ಹಾಕಲೇಬೇಕು ಎಂದು ಬರುತ್ತಿತ್ತು. ದನಗಳಿಗೆ ಆ ಸುತ್ತೋಲೆ ತಲುಪುತ್ತಿರಲಿಲ್ಲ.

ನನ್ನ ಮೇಲಧಿಕಾರಿ ಡಾಕ್ಟರ್ ಬಸನಗೌಡರು. ಗದಗದ ಕಡೆಯವರು, ಜೋಳದ ಹೊಲದಲ್ಲಿ ಹುಟ್ಟಿ ಬೆಳೆದವರು. ವಿದ್ಯೆಯಲ್ಲಿ ಗಟ್ಟಿ, ಮನಸ್ಸಿನಲ್ಲಿ ಮೆತ್ತಗೆ, ತುಳುವಿನಲ್ಲಿ ಸೊನ್ನೆ. ಡಿಸೆಂಬರಿನಲ್ಲಿ ಒಮ್ಮೆ ಅವರನ್ನು ಕುಸುಮಕ್ಕನ ಮನೆಗೆ ಕರೆದುಕೊಂಡು ಹೋದೆ. ಗದ್ದೆಯಲ್ಲಿ ಆಗ ಉದ್ದು ಬಿತ್ತಿದ್ದರು, ಮೇಲಿನ ತುಂಡಿನಲ್ಲಿ ಅಲಸಂಡೆಯ ಬಳ್ಳಿ ಹಬ್ಬಿತ್ತು. ಬೊಳ್ಳಿಯ ಹಾಲು ಕಡಿಮೆಯಾಗಿದೆ ಎಂದು ಕುಸುಮಕ್ಕ ಹೇಳಿದಾಗ ಡಾಕ್ಟರು ಕೇಳಿದರು. “ಬೆಳಿಗ್ಗೆ ಏನ್ ಕೊಡ್ತೀರಿ?”

“ಬೈ,” ಎಂದರು ಕುಸುಮಕ್ಕ.

“ಮಧ್ಯಾಹ್ನ?”

“ಅಕ್ಕಚ್ಚು ಮತ್ತೆ ಬೈ.”

“ಸಂಜೀಕ?”

“ಸಂಜೆಗೂ ಬೈ.”

ಡಾಕ್ಟರ ಮುಖ ಕಳೆಗುಂದಿತು. ನನ್ನ ಕಡೆ ತಿರುಗಿ, “ವಾಮನರ, ಮೂರ್ ಹೊತ್ತೂ ಬೈದ್ರ ಆಕಳು ಹಾಲು ಹೆಂಗ ಕೊಡ್ತದ್ರಿ? ಮೂಕ ಪ್ರಾಣಿ,” ಎಂದರು.

ತುಳುವಿನಲ್ಲಿ ಬೈ ಎಂದರೆ ಒಣ ಹುಲ್ಲು ಎಂದು ನಾನು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. “ಸರ್, ಈ ಕಡೆ ಪದ್ಧತಿಯೇ ಹಾಗೆ,” ಎಂದೆ. ಅವರು ಜೀಪು ಹತ್ತುವವರೆಗೂ ಕುಸುಮಕ್ಕನಿಗೆ ಪ್ರಾಣಿದಯೆಯ ಬಗ್ಗೆ ಹೇಳಿದರು. ಕುಸುಮಕ್ಕ ಎಲ್ಲದಕ್ಕೂ ತಲೆಯಾಡಿಸಿ, ಕೊನೆಗೆ ನನ್ನ ಕಿವಿಯ ಹತ್ತಿರ ಬಂದು, “ಪಾಪ, ಒಳ್ಳೆಯವರು. ಇವರಿಗೆ ಮನೆಯಲ್ಲಿ ಯಾರಾದ್ರೂ ಬೈತಾರಾ?” ಎಂದು ವಿಚಾರಿಸಿದರು. ಸತ್ಯ ಗೊತ್ತಾದಾಗ ಡಾಕ್ಟರು ನನ್ನೊಡನೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಾವೇ ಆ ಕತೆಯನ್ನು ಎಲ್ಲರಿಗೂ ಹೇಳತೊಡಗಿದರು.

ಜನವರಿಯಲ್ಲಿ ಗಬ್ಬ ಪರೀಕ್ಷೆ ಮಾಡಲು ಒಬ್ಬನೇ ಹೋದೆ. ಕಡ್ಡಿ ಹಾಕಿ ಮೂರು ತಿಂಗಳಾದ ಮೇಲೆ ಹಿಂಬದಿಯಿಂದ ಕೈ ಹಾಕಿ, ಕರುಳಿನ ಗೋಡೆಯ ಆಚೆ ಇರುವ ಗರ್ಭಕೋಶವನ್ನು ಬೆರಳಲ್ಲಿ ಅಳೆಯಬೇಕು. ಬೊಳ್ಳಿಯೊಳಗೆ ಚೆಂಡಿನಂಥದ್ದು ಮೆತ್ತಗೆ, ತುಂಬಿಕೊಂಡಂತೆ ಸಿಕ್ಕಿತು. ಕಾಳಿ ಮೈ ಬಿಗಿ ಹಿಡಿದು ಒದೆಯಲು ನೋಡಿತು, ನನಗೆ ಏನೂ ಸಿಗಲಿಲ್ಲ. ರಿಜಿಸ್ಟರಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ. ಬೊಳ್ಳಿ ಗಬ್ಬ. ಕಾಳಿ ಖಾಲಿ. ಪ್ರಾಸ ಬಂದದ್ದಕ್ಕೆ ನನಗೇ ಖುಷಿಯಾಯಿತು.

ಕುಸುಮಕ್ಕ ಎರಡು ದನಗಳನ್ನೂ ಒಮ್ಮೆ ನೋಡಿದರು. “ಸರಿಯಾಗಿ ನೋಡಿದ್ರಾ? ಅದಲುಬದಲು ಆಗಲಿಲ್ಲ ಅಲ್ವಾ?”

“ಹದಿನೆಂಟು ವರ್ಷದಿಂದ ಇದನ್ನೇ ನೋಡ್ತಾ ಇದ್ದೇನೆ ಅಕ್ಕ.”

“ನೋಡಿದ್ದು ಮೂಗಿನ ಕಡೆಯಿಂದ ಅಲ್ವಾ,” ಎಂದರು ಅವರು. ನಾನು ಕೇಳಿಸಿಕೊಳ್ಳದವನಂತೆ ಕೈ ತೊಳೆದೆ.

ತಿಂಗಳ ಕೊನೆಗೆ ಅವರಿಂದ ಫೋನು ಬಂತು. ಬೊಳ್ಳಿ ಕೂಗುತ್ತಿದೆ, ಬೆದೆಗೆ ಬಂದಿದೆ, ಬನ್ನಿ ಎಂದರು. ಗಬ್ಬ ನಿಂತ ದನಕ್ಕೆ ಬೆದೆ ಎಲ್ಲಿಂದ ಬರುತ್ತದೆ, ಹೊಟ್ಟೆ ಉಬ್ಬರಿಸಿರಬೇಕು, ಓಮ ಕೊಡಿ ಎಂದೆ. ಮೂರು ವಾರ ಕಳೆದು ಮತ್ತೆ ಫೋನು ಬಂತು. ಮತ್ತೆ ಓಮ ಎಂದೆ. ಆ ತಿಂಗಳ ಗುರಿಗೆ ಇನ್ನೂ ಕೆಲವು ದನ ಬೇಕಿದ್ದವು. ಕೋಳಿಗಳಿಗೆ ಲಸಿಕೆ ಹಾಕಲು ಅವರ ಮನೆಗೆ ಹೋದವನು ಕಾಳಿಯನ್ನು ನೋಡಿ, “ಇದು ಹೇಗೂ ಖಾಲಿ ಉಂಟಲ್ಲ, ಸ್ವಲ್ಪ ಬೆದೆಯ ಲಕ್ಷಣ ಕಾಣ್ತದೆ, ಈಗಲೇ ಹಾಕಿಬಿಡ್ತೇನೆ,” ಎಂದೆ.

ಕುಸುಮಕ್ಕ ಹಟ್ಟಿಯ ಬಾಗಿಲಿಗೆ ಅಡ್ಡ ನಿಂತರು. ಅವರು ನಗದೆ ಇದ್ದದ್ದನ್ನು ನಾನು ಅಂದೇ ಮೊದಲು ನೋಡಿದ್ದು. “ಅವಳನ್ನು ಮುಟ್ಟಬೇಡಿ,” ಎಂದರು. ಆಮೇಲೆ ಸ್ವರ ತಗ್ಗಿಸಿ, “ಇವತ್ತು ಅಮಾವಾಸ್ಯೆ ಅಲ್ವಾ,” ಎಂದರು. ಅಂದು ಅಮಾವಾಸ್ಯೆ ಅಲ್ಲ. ನಾನು ವಾದಿಸದೆ ಹೊರಟೆ.

ಮಾರ್ಚಿನಲ್ಲಿ ಆಮಂತ್ರಣ ಬಂತು. ಬೊಳ್ಳಿಗೆ ಸೀಮಂತ, ಡಾಕ್ಟರನ್ನೂ ಕರೆದುಕೊಂಡು ಬರಬೇಕು. ಐದನೆಯ ತಿಂಗಳಿಗೇ ಎಂಥ ಸೀಮಂತ ಎಂದು ಕೇಳಿದರೆ, “ನಿಮ್ಮ ಹೋರಿ ಅಲ್ವಾ, ಬಸ್ಸಲ್ಲಿ ಬಂದದ್ದು, ಎಲ್ಲ ಬೇಗ,” ಎಂದರು. ನನ್ನ ಕೆಲಸಕ್ಕೆ ಇಷ್ಟು ಗೌರವ ಯಾರೂ ಕೊಟ್ಟಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಉದ್ದಿನ ಕೊಯ್ಲು ಮುಗಿದಿತ್ತು. ಹೊಸ ಉದ್ದಿನ ವಡೆ ಕಾಯುತ್ತಿತ್ತು, ಹೆಸರಿನ ಪಾಯಸದ ಪರಿಮಳ ಗೇಟಿನವರೆಗೆ ಬರುತ್ತಿತ್ತು. ನೆರೆಹೊರೆಯ ಹತ್ತು ಹನ್ನೆರಡು ಹೆಂಗಸರು ಸೇರಿದ್ದರು. ಬೊಳ್ಳಿಯ ಕೊಂಬಿಗೆ ಹಸಿರು ಬಳೆ, ಕುತ್ತಿಗೆಗೆ ಮಲ್ಲಿಗೆ. ನಾವು ಅಂಗಳಕ್ಕೆ ಕಾಲಿಟ್ಟದ್ದೇ ಬೊಳ್ಳಿ ಕತ್ತೆತ್ತಿ ಊರಿಗೆಲ್ಲ ಕೇಳುವಂತೆ ಕೂಗಿತು. ಕುಸುಮಕ್ಕ ಹಗ್ಗ ಸಡಿಲ ಬಿಟ್ಟರು. ಬಳೆ ತೊಟ್ಟ ಬಸುರಿ ನೆಟ್ಟಗೆ ಹೋಗಿ ಕಾಳಿಯ ಬೆನ್ನ ಮೇಲೆ ಮುಂಗಾಲು ಎತ್ತಿ ಏರಿತು. ಹಸುಗಳು ಹಾಗೆ ಏರುವುದು ಬೆದೆಗೆ ಬಂದಾಗ ಎಂಬುದು ಆ ಅಂಗಳದಲ್ಲಿ ಎಲ್ಲರಿಗೂ ಗೊತ್ತಿತ್ತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. “ವಾಮನರ, ಆವತ್ತು ಕೈಗೆ ಏನ್ ಹತ್ತಿತ್ತು?”

“ಚೆಂಡಿನ ಹಾಗೆ ಸರ್. ಮೆತ್ತಗೆ, ತುಂಬಿಕೊಂಡು...”

ನಾನು ಮಾತು ಮುಗಿಸುವ ಮೊದಲೇ ಬೊಳ್ಳಿ ಬಾಲ ಎತ್ತಿ ಬಿಂದಿಗೆ ಬಗ್ಗಿಸಿದಂತೆ ಮೂತ್ರ ಹೊಯ್ಯಿತು. ಡಾಕ್ಟರು ಅದು ನಿಲ್ಲುವವರೆಗೆ ಕಾದರು.

“ಅಗೋ ನೋಡ್ರಿ,” ಎಂದರು. “ನಿಮ್ಮ ಕರ ಹೊಂಟಿತು.”

ನಾನು ಮೂರು ತಿಂಗಳ ಕರು ಎಂದು ಬರೆದದ್ದು ಬೊಳ್ಳಿಯ ತುಂಬಿದ ಮೂತ್ರಕೋಶವನ್ನು. ಡಾಕ್ಟರು ತಾವೇ ಕೈಗವಸು ಹಾಕಿಕೊಂಡು ಕಾಳಿಯನ್ನು ಪರೀಕ್ಷಿಸಿ, “ಇದಕ್ಕ ಐದು ತಿಂಗಳಾತು,” ಎಂದರು. ಕುಸುಮಕ್ಕನಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಒಳಗೆ ಗೋಡೆಯ ಕ್ಯಾಲೆಂಡರಿನಲ್ಲಿ ಬೊಳ್ಳಿ ಕೂಗಿದ ಎರಡು ದಿನಗಳಿಗೆ ಅರಸಿನದ ಬೊಟ್ಟು ಇಟ್ಟು, ಇಪ್ಪತ್ತೊಂದು ದಿನ ಎಣಿಸಿ, ಸರಿಯಾಗಿ ಮೂರನೆಯ ಬೆದೆಯ ದಿನಕ್ಕೇ ಸೀಮಂತ ಇಟ್ಟಿದ್ದರು. ಹಾಗೆ ಸೀಮಂತದ ದಿನ ಬೊಳ್ಳಿಗೆ ಮತ್ತೆ ಕಡ್ಡಿ ಹಾಕಿದೆ. ಬಳೆ ತೆಗೆದಿರಲೂ ಇಲ್ಲ.

ಊಟದ ಎಲೆಗೆ ಕುಸುಮಕ್ಕ ಎರಡು ಸಲ ಪಾಯಸ ಬಡಿಸಿದರು. “ಒಂದು ಇಲ್ಲದ ಕರುವಿಗೆ, ಒಂದು ಇದ್ದ ಕರುವಿಗೆ.” ಎಲ್ಲರೊಡನೆ ನಾನೂ ನಕ್ಕೆ. ಎಲೆ ಮಡಚುವಾಗ ಲೆಕ್ಕ ಹಾಕಿದೆ. ಆವತ್ತು ಅವರು ಬಾಗಿಲಿಗೆ ಅಡ್ಡ ನಿಲ್ಲದಿದ್ದರೆ ನಾನು ಕಾಳಿಯೊಳಗೆ ಕಡ್ಡಿ ತೂರಿಸುತ್ತಿದ್ದೆ, ಕರು ಬಿದ್ದುಹೋಗುತ್ತಿತ್ತು. ನನ್ನ ರಿಜಿಸ್ಟರಿನಲ್ಲಿ ಅದು ತಪ್ಪು ಎಂದೂ ದಾಖಲಾಗುತ್ತಿರಲಿಲ್ಲ. ಒಂದು ಗುರಿ ಮುಟ್ಟಿತು ಎಂದು ದಾಖಲಾಗುತ್ತಿತ್ತು.

ಮರುದಿನದಿಂದ ನನ್ನ ವಿದ್ಯಾಭ್ಯಾಸ ಶುರುವಾಯಿತು. ಅದು ಸೊಪ್ಪು, ತರಗೆಲೆ ತಂದು ಹಟ್ಟಿಗೆ ಹಾಸುವ ಕಾಲ. ದನ ತುಳಿದು ಅದು ಗೊಬ್ಬರವಾಗಿ ಮೇ ತಿಂಗಳಲ್ಲಿ ಗದ್ದೆಗೆ ಹೋಗಬೇಕು. ಕುಸುಮಕ್ಕ ತರಗೆಲೆಯ ಹೊರೆ ಇಳಿಸುತ್ತ, ಬೆದೆ ತಪ್ಪಿದ ದನ ಹೇಗೆ ಮಲಗುತ್ತದೆ, ಗಬ್ಬದ ದನ ಅಕ್ಕಚ್ಚಿನ ಪಾತ್ರೆಗೆ ಹೇಗೆ ಬಾಯಿ ಹಾಕುತ್ತದೆ ಎಂದು ತೋರಿಸುತ್ತಿದ್ದರು. ಡಾಕ್ಟರು ವಾರಕ್ಕೊಮ್ಮೆ ಬೇರೆ ಬೇರೆ ಹಟ್ಟಿಗಳಿಗೆ ಕರೆದುಕೊಂಡು ಹೋಗಿ ಕೈ ಹಾಕಿಸುತ್ತಿದ್ದರು. “ಏನ್ ಹತ್ತೈತಿ, ಅಷ್ಟ ಹೇಳ್ರಿ. ಏನ್ ಇರಬೇಕು ಅದನ್ನ ಹೇಳಬ್ಯಾಡ್ರಿ,” ಎನ್ನುವುದು ಅವರ ಪಾಠ.

ಜುಲೈ ಬಂತು. ಮಳೆ ಎರಡು ದಿನ ಬಿಡುವು ಕೊಟ್ಟಾಗ ಕುಸುಮಕ್ಕ ನಾಟಿ ಇಟ್ಟುಕೊಂಡರು. ಹದಿನಾಲ್ಕು ಹೆಂಗಸರು ಬೆಳಿಗ್ಗೆಯೇ ಬಂದು ಭತ್ತದ ಸಸಿಯಾದ ನೇಜಿ ಕಿತ್ತು, ಕಟ್ಟು ಕಟ್ಟಿ, ಟಿಲ್ಲರ್ ಹೊಡೆದ ಗದ್ದೆಗೆ ಎಸೆದಿದ್ದರು. ಒಮ್ಮೆ ಕಿತ್ತ ನೇಜಿ ಕಾಯುವುದಿಲ್ಲ. ಅದೇ ಹೊತ್ತಿಗೆ ಕಾಳಿಯ ನೀರಿನ ಚೀಲ ಒಡೆಯಿತು. ನನಗೆ ಫೋನು ಬಂದು ನಾನು ಸೈಕಲ್ಲಿನಲ್ಲಿ ಮುಟ್ಟುವಾಗ ಹತ್ತೂವರೆ. ಕರುವಿನ ಮೂಗಿನ ತುದಿ ಮತ್ತು ಒಂದು ಗೊರಸು ಹೊರಗೆ ಕಾಣುತ್ತಿತ್ತು. ಎರಡು ಕಾಣಬೇಕಿತ್ತು. ಕಾಳಿ ತಿಣುಕಿ ಮುಕ್ಕಿ ಸೋತು ಮಲಗಿತ್ತು, ಕಣ್ಣು ಮೇಲಾಗಿತ್ತು.

ಡಾಕ್ಟರು ಬೆಳ್ತಂಗಡಿಯಲ್ಲಿ ಮೀಟಿಂಗಿನಲ್ಲಿದ್ದರು. ಹಟ್ಟಿಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಸಿಗುವುದು ಗದ್ದೆಯ ಮೇಲ್ಬದಿಯ ಗೇರುಮರದ ಕೆಳಗೆ ಮಾತ್ರ. ಹೆಂಗಸರೇ ಉಪಾಯ ಮಾಡಿದರು. ಶಾಂತಾ ಎಂಬವರು ಮರದ ಕೆಳಗೆ ಫೋನು ಹಿಡಿದು ನಿಂತರು. ಬದುವಿನ ಮೇಲೆ ಒಬ್ಬರು, ಅಂಗಳದಲ್ಲಿ ಒಬ್ಬರು, ಹಟ್ಟಿಯ ಬಾಗಿಲಲ್ಲಿ ಒಬ್ಬರು. ಡಾಕ್ಟರು ಗದಗದ ಕನ್ನಡದಲ್ಲಿ ಹೇಳಿದ್ದು ತುಳುವಿನಲ್ಲಿ ನಾಲ್ಕು ಬಾಯಿ ದಾಟಿ ನನಗೆ ಬರಬೇಕು.

ಡಾಕ್ಟರು ಹೇಳಿದ್ದು, “ಮೊದಲ ಕರ ಒಳಗ ದೂಡ್ರಿ.” ನನಗೆ ಬಂದದ್ದು, “ಡಾಕ್ಟ್ರು ಮೊದಲು ಒಳಗೆ ಹೋಗ್ಬೇಕಂತೆ.”

“ನಾನು ಒಳಗೇ ಇದ್ದೇನೆ,” ಎಂದೆ, ಭುಜದವರೆಗೆ.

ಡಾಕ್ಟರು ಹೇಳಿದ್ದು, “ಗೊರಸು ಅಂಗೈಯಾಗ ಹಿಡೀರಿ, ಬಿಡಬ್ಯಾಡ್ರಿ.” ಬಾಗಿಲಲ್ಲಿದ್ದವರು ಓಡಿ ಬಂದು ನನ್ನ ಅಂಗಿಯನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡರು.

“ಎಂತ ಮಾಡ್ತೀರಿ?”

“ಅಂಗಿ ಹಿಡೀಬೇಕಂತೆ. ಬಿಡಲಿಕ್ಕಿಲ್ಲಂತೆ.”

ಕಾಳಿಯ ತಲೆಯ ಹತ್ತಿರ ಕೂತಿದ್ದ ಕುಸುಮಕ್ಕ ಆಗ, “ಸಾಕು,” ಎಂದರು. “ಫೋನು ಅಲ್ಲೇ ಇಡಲಿಕ್ಕೆ ಹೇಳಿ. ಡಾಕ್ಟ್ರೇ, ಕಣ್ಣು ಮುಚ್ಚಿ. ಕೈಗೆ ಎಂತ ಸಿಗ್ತದೆ?”

ಕಣ್ಣು ಮುಚ್ಚಿದೆ. “ಮೂಗು. ನಾಲಿಗೆ. ನಾಲಿಗೆ ಅಲ್ಲಾಡ್ತದೆ.”

“ಜೀವ ಉಂಟು. ಮತ್ತೆ?”

“ಒಂದು ಕಾಲು ನೆಟ್ಟಗೆ. ಇನ್ನೊಂದರ ಮಂಡಿ ಮಾತ್ರ ಸಿಗ್ತದೆ. ಗೊರಸು ಎಲ್ಲಿ ಅಂತ ಗೊತ್ತಾಗುವುದಿಲ್ಲ.”

“ಗೊತ್ತಿಲ್ಲದ್ರೆ ಎಳೆಯಬೇಡಿ. ಜಾಗ ಮಾಡಿ ಹುಡುಕಿ. ಅವಳು ಮುಕ್ಕುವಾಗ ನೀವು ಸುಮ್ಮನಿರಿ, ಅವಳು ಬಿಟ್ಟಾಗ ನೀವು ದೂಡಿ.”

ಕಾಳಿಯ ಉಸಿರಿನ ಲೆಕ್ಕಕ್ಕೆ ನನ್ನ ಉಸಿರನ್ನು ಹೊಂದಿಸಿಕೊಂಡೆ. ಅವಳು ಮುಕ್ಕಿದಾಗ ನನ್ನ ತೋಳು ಗಾಣಕ್ಕೆ ಸಿಕ್ಕ ಕಬ್ಬಾಗುತ್ತಿತ್ತು. ಬಿಟ್ಟಾಗ ಕರುವಿನ ಎದೆಯನ್ನು ಒಂದೊಂದೇ ಬೆರಳಿನಷ್ಟು ಹಿಂದಕ್ಕೆ ಕಳಿಸಿದೆ. ಎಷ್ಟು ಹೊತ್ತು ಎಂದು ತಿಳಿಯದು. ಕೊನೆಗೆ ಮಡಚಿದ ಕಾಲಿನ ಕೆಳಗೆ ಗೊರಸು ಸಿಕ್ಕಿತು. ಅದರ ಚೂಪು ಗರ್ಭಕ್ಕೆ ತಾಗದಂತೆ ಅಂಗೈಯಲ್ಲಿ ಮುಚ್ಚಿ, ಮೇಲೆತ್ತಿ, ಮುಂದಕ್ಕೆ ತಂದೆ. ಅಂಗಿ ಹಿಡಿದಿದ್ದವರು ಇನ್ನೂ ಬಿಟ್ಟಿರಲಿಲ್ಲ, ಕರು ಜಾರಿ ಬಂದಾಗ ಅವರು, ನಾನು, ಕರು, ಮೂವರೂ ಒಟ್ಟಿಗೆ ಹಿಂದಕ್ಕೆ ಬಿದ್ದೆವು.

ಕರು ಅಲ್ಲಾಡಲಿಲ್ಲ. ಕುಸುಮಕ್ಕ ಅದರ ಬಾಯಿಯ ಲೋಳೆ ತೆಗೆದು, ಒಂದು ಬೈಹುಲ್ಲಿನ ಕಡ್ಡಿಯನ್ನು ಮೂಗಿನೊಳಗೆ ತಿರುವಿದರು. ನಾನು ಎದೆ ಉಜ್ಜಿದೆ. ಅವರು ಮತ್ತೆ ತಿರುವಿದರು. ಗೇರುಮರದ ಕೆಳಗೆ ಇಟ್ಟ ಫೋನಿನ “ಹಲೋ, ಹಲೋ” ಮಾತ್ರ ಅಂಗಳದವರ ಬಾಯಿ ದಾಟಿ ಹಟ್ಟಿಗೆ ಬರುತ್ತಿತ್ತು. ಆಮೇಲೆ ಕರು ಸೀನಿತು.

ಹೆಣ್ಣು ಕರು. ಹೆಂಗಸರು ಅಲ್ಲೇ ಅದಕ್ಕೆ ಹಲೋ ಎಂದು ಹೆಸರಿಟ್ಟರು. ಕುಸುಮಕ್ಕ ಕಾಳಿಯ ಹಣೆಗೆ ತಮ್ಮ ಹಣೆ ತಾಗಿಸಿ ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದರು. ನಾನು ನೋಡುತ್ತಿದ್ದದ್ದು ಗೊತ್ತಾಗಿ, “ನೀವು ಖಾಲಿ ಅಂದದ್ದು ಇದನ್ನೇ ಅಲ್ವಾ,” ಎಂದರು.

ಅರ್ಧ ಗಂಟೆಯಲ್ಲಿ ಡಾಕ್ಟರು ಯಾರದೋ ಬೈಕಿನ ಹಿಂದೆ ಕೂತು ಬಂದರು. ಫೋನಿನಲ್ಲಿ ಉತ್ತರ ನಿಂತುಹೋದಾಗ ದನವೂ ಕರುವೂ ಹೋಯಿತೆಂದೇ ಅವರು ತಿಳಿದಿದ್ದರು. ಕಾಳಿ ಕರುವನ್ನು ನೆಕ್ಕುವುದನ್ನು ಕಂಡು ಹಟ್ಟಿಯ ಕಂಬ ಹಿಡಿದು ನಿಂತರು. ನನ್ನ ಎಡಗೈಯನ್ನು ಹಿಡಿದು ಕುಲುಕಿದರು. ಅದನ್ನು ನಾನು ಇನ್ನೂ ತೊಳೆದಿರಲಿಲ್ಲ.

ಕುಸುಮಕ್ಕ ಚಾ ಕೊಟ್ಟರು, ಲೋಟ ಕೆಳಗಿಡಲು ಬಿಡಲಿಲ್ಲ. “ನಿಮ್ಮಿಂದಾಗಿ ನಾಟಿಯವರು ಒಂದೂವರೆ ಗಂಟೆ ಗದ್ದೆಯ ಹುಣಿಯ ಮೇಲೆ ನಿಂತಿದ್ದಾರೆ. ನೇಜಿ ಬಾಡ್ತಾ ಉಂಟು. ಇಬ್ಬರೂ ಪ್ಯಾಂಟು ಮೇಲೆ ಮಾಡಿ, ಇಳಿಯುವ.”

ನಾನು ಬಂಟ್ವಾಳ ಪೇಟೆಯ ದರ್ಜಿಯ ಮಗ. ಡಾಕ್ಟರು ಕಾಲು ಒದ್ದೆಯಾಗದ ಹೊಲದವರು. ಇಬ್ಬರಿಗೂ ಒಂದೊಂದು ಕಟ್ಟು ನೇಜಿ ಕೊಟ್ಟು ನಡುವಿನ ಒಂದು ಸಾಲು ಬಿಟ್ಟುಕೊಟ್ಟರು. ಆ ತುದಿಯಿಂದ ಡಾಕ್ಟರು, ಈ ತುದಿಯಿಂದ ನಾನು ನೆಡುತ್ತ ಬಂದೆವು. ನಡುವಿನಲ್ಲಿ ನಾವು ಸೇರುವ ಹೊತ್ತಿಗೆ ನಮ್ಮ ಎರಡು ಸಾಲುಗಳ ನಡುವೆ ಒಂದು ಆಳು ಮಲಗುವಷ್ಟು ಅಂತರವಿತ್ತು. ಡಾಕ್ಟರು ಅದನ್ನು ಸರಿಪಡಿಸಲು ಹೋಗಿ ಕೆಸರಿನಲ್ಲಿ ಪೂರ್ತಿ ಕೂತುಬಿಟ್ಟರು. ಅವರನ್ನು ಎಬ್ಬಿಸಲು ನಾಲ್ಕು ಹೆಂಗಸರು ಬೇಕಾಯಿತು.

ಅಕ್ಟೋಬರಿನಲ್ಲಿ ಕಾಲುಬಾಯಿ ರೋಗದ ಲಸಿಕೆ ಹಿಡಿದು ಮತ್ತೆ ಆ ಮನೆಗೆ ಹೋದೆ. ಭತ್ತ ಬಲಿತು ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ಕೃಷಿ ಇಲಾಖೆಯ ಹೊಸ ಅಧಿಕಾರಿಯೊಬ್ಬರು ಬೆಳೆ ನೋಡಲು ಬಂದು ಬದುವಿನ ಮೇಲೆ ಪುಸ್ತಕ ಹಿಡಿದು ನಿಂತಿದ್ದರು. ಎಲ್ಲ ಸಾಲು ನೂಲು ಹಿಡಿದಂತೆ ಇರುವಾಗ ನಡುವಿನದೊಂದು ಹಾವಿನಂತೆ ಹೋದದ್ದು ಅವರ ಕಣ್ಣಿಗೆ ಬಿದ್ದಿತ್ತು.

“ಅದೇನಮ್ಮ ಆ ಸಾಲು?”

ಕುಸುಮಕ್ಕ ನನ್ನ ಕಡೆ ನೋಡದೆ ಹೇಳಿದರು. “ಅದು ಸರ್ಕಾರದ ಸಾಲು. ಸ್ವಲ್ಪ ಡೊಂಕು. ಆದ್ರೆ ತೆನೆ ಬಂದಿದೆ, ಇಲ್ಲ ಅಂತ ಹೇಳ್ಲಿಕ್ಕಾಗುವುದಿಲ್ಲ.”

“ನಡುವೆ ಅಷ್ಟು ಜಾಗದಲ್ಲಿ ಏನೂ ಇಲ್ಲವಲ್ಲ? ರೋಗವಾ?”

“ರೋಗ ಅಲ್ಲ,” ಎಂದರು ಕುಸುಮಕ್ಕ. “ಅಲ್ಲಿ ಡಾಕ್ಟ್ರು ಕೂತದ್ದು.”